ಮುಷ್ಟಿ ಸಡಿಲಿಸಲು ಮೂರು ತಿಂಗಳ ಶುಲ್ಕ

ಕಳೆದ ವರ್ಷದ ಕೆಸರಿನ ರೇಸಿನಲ್ಲಿ ಮೂರನೆಯ ಸುತ್ತಿಗೇ ನನ್ನ ಬಲಗೈ ಮುಷ್ಕರ ಹೂಡಿತು. ಮುಂಗೈ ಉಬ್ಬಿ ಕಲ್ಲಾಯಿತು; ಬ್ರೇಕಿನ ಲಿವರ್ ಮೇಲೆ ಬೆರಳಿದೆಯೋ ಇಲ್ಲವೋ ಎಂಬುದೇ ತಿಳಿಯದಾಯಿತು. ಡರ್ಟ್ ಬೈಕ್ ಓಡಿಸುವವರು ಇದನ್ನು ಆರ್ಮ್ ಪಂಪ್ ಎನ್ನುತ್ತಾರೆ. ಬಿಗಿ ಪೊರೆಯೊಳಗಿನ ಸ್ನಾಯುವಿಗೆ ನುಗ್ಗಿದ ರಕ್ತ ಅಷ್ಟೇ ವೇಗದಲ್ಲಿ ಹೊರಬರಲಾರದೆ ಒತ್ತಡ ಏರುತ್ತದೆ. ಕೈಯಲ್ಲಿ ಕಸುವು ಸಾಲದೆಂದುಕೊಂಡು ಮನೆಯಲ್ಲೇ ತಿಂಗಳುಗಟ್ಟಲೆ ಡಂಬೆಲ್ ಎತ್ತಿದೆ. ಮುಂದಿನ ರೇಸಿನಲ್ಲಿ ಎರಡನೆಯ ಸುತ್ತಿಗೇ ಕೈ ಸತ್ತಿತು.

ಆಮೇಲೆ, ಈ ಜೂನ್‌ನಲ್ಲಿ, ಶಿರಸಿ ಪೇಟೆಯ ಹಾರ್ಡ್‌ವೇರ್ ಅಂಗಡಿಯೊಂದರ ಮೇಲಿರುವ ಈ ಜಿಮ್ ಸೇರಿದೆ. ಬೈಕ್ ರೇಸಿನವರಿಗೆಂದೇ ಪ್ರತ್ಯೇಕ ತರಬೇತಿ ಇದೆ: ವಾರಕ್ಕೆ ಮೂರು ದಿನ, ಬೆಳಿಗ್ಗೆ 5.30ಕ್ಕೆ, ತಿಂಗಳಿಗೆ 3,500 ರೂಪಾಯಿ. ತರಬೇತುದಾರರು ಹಿಂದೆ ರೇಸಿನಲ್ಲಿ ಬಿದ್ದು ಕಾಲರ್‌ಬೋನ್‌ಗೆ ಪ್ಲೇಟ್ ಹಾಕಿಸಿಕೊಂಡವರು. ಗೋಡೆಯ ಮೇಲೆ ದೇಹದಾರ್ಢ್ಯಪಟುಗಳ ಬದಲು ಸಿ.ಎಸ್. ಸಂತೋಷ್ ಫೋಟೋ, 2015ರಲ್ಲಿ ಮರುಭೂಮಿಗಳನ್ನು ದಾಟುವ ಡಕಾರ್ ರ‍್ಯಾಲಿಯನ್ನು ಪೂರ್ತಿಗೊಳಿಸಿದ ಮೊದಲ ಭಾರತೀಯ, ನಮ್ಮ ಬೆಂಗಳೂರಿನವರು. ಅದನ್ನು ನೋಡಿಯೇ ಅರ್ಧ ನಂಬಿಕೆ ಬಂತು.

ಮೊದಲ ದಿನ ಭಾರ ಮುಟ್ಟಲು ಬಿಡಲಿಲ್ಲ. ಕೆಳಗೆ ನಿಲ್ಲಿಸಿದ್ದ ನನ್ನ ಎಕ್ಸ್‌ಪಲ್ಸ್ ಬೈಕನ್ನೇ ಸ್ಟ್ಯಾಂಡಿಗೆ ಏರಿಸಿ, ಫುಟ್‌ಪೆಗ್ ಎಂಬ ಕಾಲೂರುವ ಕಂಬಿಯ ಮೇಲೆ ನನ್ನನ್ನು ನಿಲ್ಲಿಸಿದರು. ಎರಡೂ ಮೊಣಕಾಲಿಗೂ ಟ್ಯಾಂಕಿಗೂ ನಡುವೆ ಹತ್ತು ರೂಪಾಯಿಯ ಒಂದೊಂದು ನೋಟು ಸಿಕ್ಕಿಸಿ, ಸೊಂಟವನ್ನು ಹಿಂದೆ ಮುಂದೆ ಆಡಿಸಲು ಹೇಳಿದರು. ಎರಡನೆಯ ಸಲಕ್ಕೇ ಎಡಗಡೆಯ ನೋಟು ತೇಲುತ್ತ ಹೋಗಿ ಚರಂಡಿ ಸೇರಿತು. “ಹೆಗಡೆಯವರೇ, ಹ್ಯಾಂಡಲ್ ಇರುವುದು ತಿರುಗಿಸಲಿಕ್ಕೆ, ನೇತಾಡಲಿಕ್ಕಲ್ಲ” ಎಂದರು. ನೋಟು ನನ್ನದು.

ನಮ್ಮ ತೋಟದಲ್ಲಿ ಅಡಿಕೆ ಗೊನೆ ಕೊಯ್ಯುವ ಕೊನೆಗೌಡ ಮರ ಹತ್ತುವುದನ್ನು ಹುಟ್ಟಿದಾಗಿನಿಂದ ನೋಡಿದ್ದೇನೆ. ಅವನ ಭಾರವೆಲ್ಲ ಕಾಲಿನ ಮೇಲೆ. ಕೈ ಕತ್ತಿಗೆ ಬಿಡುವಾಗಿರುತ್ತದೆ. ಅಷ್ಟು ಹತ್ತಿರ ಇದ್ದ ಪಾಠಕ್ಕೆ ಪೇಟೆಗೆ ಹೋಗಿ ದುಡ್ಡು ಕಟ್ಟಬೇಕಾಯಿತು.

ಮುಂದಿನದೆಲ್ಲ ಅದೇ ದಾರಿ. ತೊಡೆಗಳ ನಡುವೆ ಚೆಂಡು ಒತ್ತಿಹಿಡಿದು ಸ್ಕ್ವಾಟ್, ಬೆನ್ನು ಬಾಗಿಸದೆ ಸೊಂಟದಿಂದ ಮಡಚುವ ಡೆಡ್‌ಲಿಫ್ಟ್, ಪ್ಲಾಂಕ್, ಕೊನೆಗೆ ದೋಣಿ ಹುಟ್ಟು ಹಾಕಿದಂತೆ ಎಳೆಯುವ ರೋಯಿಂಗ್ ಯಂತ್ರ. ಮಣ್ಣಿನ ಹಾದಿಯ ಬೈಕ್ ರೇಸಾದ ವಿಶ್ವ ಮೋಟೋಕ್ರಾಸ್‌ನಲ್ಲಿ ಒಂದು ಓಟವೆಂದರೆ 30 ನಿಮಿಷ, ಅದರ ಮೇಲೆ ಎರಡು ಸುತ್ತು. ಅಷ್ಟೂ ಹೊತ್ತು ಸವಾರನ ಎದೆಬಡಿತ ಗರಿಷ್ಠದ ಶೇ. 90ರ ಆಸುಪಾಸಿನಲ್ಲಿರುತ್ತದೆ. ನನ್ನ ವಯಸ್ಸು 38. 220ರಲ್ಲಿ ಅದನ್ನು ಕಳೆದರೆ ಗರಿಷ್ಠ 182; ಅದರ ಶೇ. 90 ಎಂದರೆ ನನ್ನ ಪಾಲಿಗೆ 164. ಬಡಿತ ಅಳೆಯುವ ಎದೆಪಟ್ಟಿ ಆ ಅಂಕಿ ತೋರಿಸಿದ ಕೂಡಲೇ ತರಬೇತುದಾರರು ಹದಿನೇಳರ ಮಗ್ಗಿ ಒಪ್ಪಿಸಲು ಹೇಳುತ್ತಾರೆ. ದಣಿದಾಗಲೂ ತಲೆ ಓಡಬೇಕಲ್ಲ. ಹದಿನೇಳು ಎಂಟ್ಲಿ ಎಂಬಲ್ಲಿ ನಾನು ಪ್ರತಿಸಲ ಮುಗ್ಗರಿಸಿದ್ದೇನೆ.

ಇನ್ನು ಹುಳುಕು. ರೋಯಿಂಗ್ ಯಂತ್ರ ಇರುವುದೊಂದೇ, ಅದೂ ಸೋರುವ ಮಾಡಿನ ಕೆಳಗೆ. ಜುಲೈ ತಿಂಗಳಿಡೀ ಪಕ್ಕದಲ್ಲಿ ಬಕೆಟ್ ಇಟ್ಟು ದೋಣಿ ಹುಟ್ಟು ಹಾಕಿದೆವು. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಸಿಂಪಡಿಸುವ ದಿನಗಳಲ್ಲಿ ನಾಲ್ಕು ತರಗತಿ ತಪ್ಪಿತು; ಮುಂದಿನ ತಿಂಗಳಿಗೆ ಹೊಂದಿಸಿಕೊಡಿ ಎಂದರೆ ಆಗುವುದಿಲ್ಲವೆಂದರು. ಮಲೆನಾಡಿನಲ್ಲಿ ಜಿಮ್ ನಡೆಸುವವರಿಗೆ ಅಡಿಕೆಯ ಪಂಚಾಂಗ ಗೊತ್ತಿರಬೇಕು. ಕೌಂಟರಿನಲ್ಲಿ ಪ್ರೋಟೀನ್ ಪುಡಿಯ ಡಬ್ಬಿ ತೋರಿಸಿ ವಾರಕ್ಕೊಮ್ಮೆ ಒತ್ತಾಯ ಬೇರೆ. ಹೆಲ್ಮೆಟ್ ಹೊರುವ ಕುತ್ತಿಗೆಗೆ ಒಂದೇ ಒಂದು ವ್ಯಾಯಾಮ ಹೇಳಿಕೊಟ್ಟಿಲ್ಲ. ಕೇಳಿದಾಗಲೆಲ್ಲ “ಮುಂದಿನ ತಿಂಗಳು” ಎಂಬ ಉತ್ತರ.

ಸೆಕೆಗೂ ಇಲ್ಲಿ ತಯಾರಿ ಇಲ್ಲ. ಶಿರಸಿಯ ತಣ್ಣನೆಯ ಬೆಳಗಿನಲ್ಲಿ ಗಳಿಸಿದ ದಮ್ಮು ದೇವಿಮನೆ ಘಟ್ಟ ಇಳಿದು ಕರಾವಳಿ ಸೇರಿದೊಡನೆ ಅರ್ಧವಾಗುತ್ತದೆ. ಕಳೆದ ತಿಂಗಳು ಅಂಕೋಲಾದ ಗೆಳೆಯನ ಗೇರು ತೋಪಿನ ಮರಳಿನಲ್ಲಿ ಬೈಕ್ ಓಡಿಸಿದೆ. ಬೆವರು ಆರುವುದೇ ಇಲ್ಲ. ಇಪ್ಪತ್ತು ನಿಮಿಷಕ್ಕೇ ಕಣ್ಣು ಮಂಜಾಯಿತು. ಉಪ್ಪು, ಸಕ್ಕರೆ ಹಾಕಿದ ಮುರುಗಲು ಪಾನಕ ಎರಡು ಲೋಟ ಕುಡಿದು ನೆರಳಲ್ಲಿ ಕೂತ ಮೇಲೆ ಜೀವ ಬಂತು. ಕರಾವಳಿಯಲ್ಲಿ ರೇಸಿಗೆ ಹೋಗುವವರು ಹತ್ತು ದಿನವಾದರೂ ಕೆಳಗಿಳಿದು ಅಭ್ಯಾಸ ಮಾಡಿ.

ಹಾಗಿದ್ದೂ ನಾಲ್ಕನೆಯ ತಿಂಗಳಿಗೂ ಹಣ ಕಟ್ಟಿದ್ದೇನೆ. ಮೊನ್ನೆಯ ರೇಸಿನಲ್ಲಿ ಎಲ್ಲ ಸುತ್ತು ಮುಗಿಸಿದೆ. 22 ಜನರಲ್ಲಿ ಹದಿನಾಲ್ಕನೆಯವನು, ಹೇಳಿಕೊಳ್ಳುವಂಥದ್ದೇನಲ್ಲ. ಆದರೆ ಹೋದ ವರ್ಷ ಹೆಲ್ಮೆಟ್ಟಿನ ಪಟ್ಟಿಯನ್ನು ಬೇರೆಯವರು ಬಿಚ್ಚಿಕೊಟ್ಟಿದ್ದರು. ಈ ಸಲ ನಾನೇ ಬಿಚ್ಚಿಕೊಂಡೆ. ಕುತ್ತಿಗೆ ಮಾತ್ರ ಎರಡು ದಿನ ಹೊರಳಲಿಲ್ಲ.