ಮೋಟರ್‌ಹೋಮಿನ ಹಳೆ ಎಸಿ ತೆಗೆಸಿ ಹೊಸದು ಹಾಕಿಸಿ ಕೆಲವು ಬೇಸಿಗೆ ಕಳೆದ ಮೇಲೆ

ನಮ್ಮದು ಫೋರ್ಡ್ ಇ-450 ಚಾಸಿಯ ಮೇಲೆ ಕಟ್ಟಿದ ಕ್ಲಾಸ್ ಸಿ ಮೋಟರ್‌ಹೋಮ್, ಅಂದರೆ ಒಳಗೇ ಮಲಗಿ, ಅಡುಗೆ ಮಾಡಿಕೊಂಡು ತಿರುಗಾಡುವ ಮನೆಯಂಥ ಗಾಡಿ. ಇರುವುದು ಟೆಕ್ಸಾಸ್‌ನಲ್ಲಿ, ಅಪ್ಪ ಅಮ್ಮ ಊರಿಂದ ಬರುವುದು ಜೂನ್-ಜುಲೈನಲ್ಲಿ, ತಿರುಗಾಟವೂ ಆಗಲೇ. ಹೊರಗೆ 100 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 38 ಸೆಲ್ಸಿಯಸ್ ದಾಟಿರುವಾಗ ಗಾಡಿಯೊಳಗೆ ಎಸಿ ಇಲ್ಲದೆ ವಯಸ್ಸಾದವರನ್ನು ಕೂರಿಸುವಂತಿಲ್ಲ. ಅದಕ್ಕೇ ಮುದಿಯಾದ ಚಾವಣಿ ಎಸಿಯನ್ನು ತೆಗೆಸಿ 13,500 ಬಿಟಿಯು (ತಂಪು ಮಾಡುವ ಶಕ್ತಿಯ ಅಳತೆ) ಸಾಮರ್ಥ್ಯದ ಕೋಲ್ಮನ್-ಮ್ಯಾಕ್ ಬ್ರಾಂಡಿನ ಎಸಿ ಹಾಕಿಸಿದೆವು. ಈಗ ಅದು ಒಂದೆರಡಲ್ಲ, ಹಲವು ಬೇಸಿಗೆ ಕಂಡಿದೆ. ನನಗೆ ಮನದಟ್ಟಾಗಿರುವ ವಿಷಯ ಒಂದೇ: ಚಾವಣಿಯ ಮೇಲಿನ ಪೆಟ್ಟಿಗೆ ಬದಲಿಸಿದರೆ ಅರ್ಧ ಕೆಲಸ ಮಾತ್ರ. ಉಳಿದರ್ಧ ಒಳಗಡೆ, ತಣ್ಣನೆ ಗಾಳಿ ಹೋಗುವ ದಾರಿಯಲ್ಲಿದೆ.

ಮೊದಲು, ಹಳೆಯದನ್ನು ಯಾವಾಗ ಕೈಬಿಡಬೇಕು ಅನ್ನುವ ಪ್ರಶ್ನೆ. ಊರಲ್ಲಿ ಮನೆಯ ಎಸಿ ತಂಪು ಕೊಡದಿದ್ದರೆ ಮೆಕ್ಯಾನಿಕ್ ಬಂದು ಗ್ಯಾಸ್ ತುಂಬಿಸಿ ಹೋಗುತ್ತಾನೆ. ಈ ಚಾವಣಿ ಎಸಿಗಳಲ್ಲಿ ಸಾಮಾನ್ಯವಾಗಿ ಗ್ಯಾಸ್ ತುಂಬಿಸಲು ವಾಲ್ವೇ ಇರುವುದಿಲ್ಲ. ಇಡೀ ವ್ಯವಸ್ಥೆಯನ್ನು ಕಾರ್ಖಾನೆಯಲ್ಲೇ ಬೆಸುಗೆ ಹಾಕಿ ಮುಚ್ಚಿರುತ್ತಾರೆ. ಹಾಗಾಗಿ ಗ್ಯಾಸ್ ಸೋರಿದ್ದರೆ ರಿಪೇರಿಗೆ ದುಡ್ಡು ಸುರಿಯುವುದರಲ್ಲಿ ಅರ್ಥವಿಲ್ಲ. ಆದರೆ ಎಲ್ಲ ತೊಂದರೆಯೂ ಗ್ಯಾಸಿನದ್ದಲ್ಲ. ಗಾಳಿಯನ್ನು ತಣ್ಣಗೆ ಮಾಡುವ ಕೊಳವೆ ಸುರುಳಿಗೆ, ಅಂದರೆ ಕಾಯಿಲ್‌ಗೆ, ಧೂಳು ಮೆತ್ತಿಕೊಂಡಿರಬಹುದು, ಮೋಟರ್ ಶುರುವಾಗಲು ನೆರವಾಗುವ ಕೆಪಾಸಿಟರ್ ದುರ್ಬಲವಾಗಿರಬಹುದು. ಇವೆರಡೂ ಕಡಿಮೆ ಖರ್ಚಿನಲ್ಲಿ ಸರಿಹೋಗುತ್ತವೆ. ಒಂದು ಸಣ್ಣ ಥರ್ಮಾಮೀಟರ್ ಹಿಡಿದು ಎಸಿ ಒಳಗೆ ಎಳೆದುಕೊಳ್ಳುವ ಗಾಳಿಯನ್ನೂ, ಹತ್ತಿರದ ಕಿಂಡಿಯಿಂದ ಬರುವ ಗಾಳಿಯನ್ನೂ ಅಳೆಯಿರಿ. ಆರೋಗ್ಯವಾಗಿರುವ ಎಸಿಯಲ್ಲಿ ವ್ಯತ್ಯಾಸ 16ರಿಂದ 22 ಡಿಗ್ರಿ ಫ್ಯಾರನ್‌ಹೀಟ್ ಇರಬೇಕು. ನಮ್ಮ ಹಳೆಯದರಲ್ಲಿ ಕಾಯಿಲ್ ತೊಳೆದು, ಕೆಪಾಸಿಟರ್ ಬದಲಿಸಿದ ಮೇಲೂ ಅದರ ಅರ್ಧವೂ ಬರಲಿಲ್ಲ. ಆಗಲೇ ತೀರ್ಮಾನ ಮಾಡಿದೆವು.

ಚಾವಣಿಯ ತೂತು ಅಮೆರಿಕದ ಬಹುತೇಕ ಗಾಡಿಗಳಲ್ಲಿ ಒಂದೇ ಅಳತೆ, ಸುಮಾರು 14 ಇಂಚು ಚೌಕ. ಹಾಗಾಗಿ ಒಂದು ಕಂಪನಿಯದನ್ನು ತೆಗೆದು ಇನ್ನೊಂದರದ್ದನ್ನು ಕೂರಿಸುವುದು ಕಷ್ಟವಲ್ಲ. ತೊಡಕಿರುವುದು ಒಳಗಿನ ಭಾಗದಲ್ಲಿ. ಮೇಲಿನ ಪೆಟ್ಟಿಗೆ, ಕೆಳಗಿನ ಸೀಲಿಂಗ್ ಭಾಗ, ಥರ್ಮೋಸ್ಟಾಟ್ ಮೂರೂ ಒಂದಕ್ಕೊಂದು ಹೊಂದಬೇಕು. ಕಂಪನಿ ಬದಲಾದರೆ ಸೀಲಿಂಗ್ ಭಾಗ, ಕಂಟ್ರೋಲ್ ಬಾಕ್ಸ್ ಕೂಡ ಹೊಸದೇ ಬೇಕಾದೀತು. ಎಷ್ಟೋ ಕಡೆ ಜಾಹೀರಾತಿನಲ್ಲಿ ಕಾಣುವುದು ಮೇಲಿನ ಪೆಟ್ಟಿಗೆಯ ಬೆಲೆ ಮಾತ್ರ. ಕೇಳಿ ಖಚಿತ ಮಾಡಿಕೊಳ್ಳಿ.

13,500 ತಗೊಳ್ಳಬೇಕೋ 15,000 ಬಿಟಿಯು ತಗೊಳ್ಳಬೇಕೋ? ಒಂದು ಟನ್ ಅಂದರೆ 12,000 ಬಿಟಿಯು ಎಂಬ ಲೆಕ್ಕ ನಮ್ಮವರಿಗೆಲ್ಲ ಗೊತ್ತು. ದೊಡ್ಡದು ತಗೊಂಡರೆ ಹೆಚ್ಚು ತಂಪು ಅಂತ ಅನಿಸುವುದು ಸಹಜ. ಆದರೆ ನಮ್ಮ ಗಾಡಿಗಿರುವುದು 30 ಆಂಪಿಯರ್ ಸಂಪರ್ಕ: 120 ವೋಲ್ಟಿಗೆ ಒಟ್ಟು 3,600 ವ್ಯಾಟ್. 13,500ರ ಎಸಿ ಓಡುವಾಗಲೇ 12-13 ಆಂಪಿಯರ್ ಎಳೆಯುತ್ತದೆ, ಬಿಸಿಲು ಏರಿದರೆ ಇನ್ನೂ ಜಾಸ್ತಿ. ಅದರ ಜೊತೆಗೆ ಮೈಕ್ರೋವೇವ್ ಹಾಕಿ, ವಾಟರ್ ಹೀಟರನ್ನೂ ಕರೆಂಟಿಗೆ ಹಾಕಿದರೆ ಬ್ರೇಕರ್ ಬೀಳುತ್ತದೆ. ಕರೆಂಟ್ ಸಂಪರ್ಕವಿಲ್ಲದ ಕಡೆ ಎಸಿ ಓಡಬೇಕಾದದ್ದು ಜನರೇಟರಿನಿಂದ, ಅದಕ್ಕೆ ಅಡ್ಡಿಯಾಗುವ ಇನ್ನೊಂದು ವಿಷಯ ಎತ್ತರ. ಪಶ್ಚಿಮ ಟೆಕ್ಸಾಸ್‌ನ ಫೋರ್ಟ್ ಡೇವಿಸ್ ಊರು ಸುಮಾರು 5,000 ಅಡಿ ಮೇಲಿದೆ. ಅಲ್ಲಿ ಗಾಳಿ ತೆಳುವಾದ್ದರಿಂದ ಜನರೇಟರಿನ ಶಕ್ತಿ ಪ್ರತಿ ಸಾವಿರ ಅಡಿಗೆ ಶೇ. 3.5ರಷ್ಟು ಇಳಿಯುತ್ತದೆ, 4,000 ವ್ಯಾಟ್ ಜನರೇಟರ್ ಹೆಚ್ಚುಕಡಿಮೆ ಆರನೇ ಒಂದು ಭಾಗ ಕಳೆದುಕೊಳ್ಳುತ್ತದೆ. ಇದನ್ನೆಲ್ಲ ಲೆಕ್ಕ ಹಾಕಿ 13,500 ಆರಿಸಿದೆವು. ಸರಿಯಾದ ಆಯ್ಕೆ ಅಂತ ಇವತ್ತಿಗೂ ಹೇಳುತ್ತೇನೆ.

ಈಗ ಗಾಳಿಯ ದಾರಿಯ ಮಾತು. ಹಳೆ ಎಸಿ ಇಳಿಸಿ ತೂತಿನೊಳಗೆ ನೋಡಿದಾಗ ತಣ್ಣನೆ ಗಾಳಿ ಹೊರಡುವ ಕೋಣೆಗೂ ಬೆಚ್ಚನೆ ಗಾಳಿ ಮೇಲೇರುವ ಕೋಣೆಗೂ ನಡುವೆ ಇದ್ದದ್ದು ಒಂದು ತೆಳು ತಡಿಕೆ, ಅದರ ಟೇಪೆಲ್ಲ ಕಿತ್ತುಬಂದಿತ್ತು. ತಣ್ಣಗಾದ ಗಾಳಿ ಡಕ್ಟಿಗೆ (ಕಿಂಡಿಗಳಿಗೆ ಗಾಳಿ ಒಯ್ಯುವ ಕೊಳವೆಗೆ) ಹೋಗದೆ ಅಲ್ಲೇ ತಿರುಗಿ ಮತ್ತೆ ಎಸಿಯೊಳಗೇ ಸೇರುತ್ತಿತ್ತು. ಹೀಗಾದಾಗ ಥರ್ಮೋಸ್ಟಾಟ್ ಬಳಿ ಸೆಕೆ ಇಳಿಯುವುದಿಲ್ಲ, ಕಂಪ್ರೆಸರ್ ನಿಲ್ಲುವುದಿಲ್ಲ. ಕಾಯಿಲ್ ಮೇಲೆ ಮಂಜು ಕಟ್ಟಲೂಬಹುದು. ಚಾವಣಿಯ ಕುಹರದೊಳಗೆ ನುಸುಳಿದ ಗಾಳಿಯಂತೂ ಪ್ಲೈವುಡ್ಡನ್ನು ತಂಪು ಮಾಡಿಕೊಂಡು ಕೂರುತ್ತದೆ. ಹೊಸದನ್ನು ಕೂರಿಸುವ ಮುಂಚೆ ಗಟ್ಟಿ ಫೋಮ್ ಹಲಗೆ ಕತ್ತರಿಸಿ ತಡಿಕೆ ಭದ್ರ ಮಾಡಿಸಿದೆವು. ಅಂಚುಗಳಿಗೆಲ್ಲ ಅಲ್ಯೂಮಿನಿಯಂ ಫಾಯಿಲ್ ಟೇಪ್. ಬಟ್ಟೆಯ ಡಕ್ಟ್ ಟೇಪ್ ಸೆಕೆಗೆ ಅಂಟು ಬಿಡುತ್ತದೆ, ಅದು ಬೇಡ. ಡಕ್ಟಿನ ಬಾಯಿಗಳ ಸುತ್ತಲಿನ ಸಂದುಗಳನ್ನೂ ಹಾಗೇ ಮುಚ್ಚಿಸಿದೆವು. ಹಿಂದಿನ ಮಲಗುವ ಕೋಣೆಯ ಕಿಂಡಿಯಿಂದ ಗಾಳಿ ರಭಸವಾಗಿ ಬರತೊಡಗಿದ್ದು ಆಮೇಲೆಯೇ. ನಿಮ್ಮ ಎಸಿ ಇನ್ನೂ ಚೆನ್ನಾಗಿದ್ದರೆ ಬದಲಿಸುವ ಮುಂಚೆ ಇದೊಂದನ್ನು ಮಾಡಿ ನೋಡಿ. ನೂರಾರು ಡಾಲರ್ ಉಳಿದರೂ ಉಳಿಯಬಹುದು.

ಕೂರಿಸುವ ಕೆಲಸದಲ್ಲಿ ಗಮನಿಸಬೇಕಾದದ್ದು ಗ್ಯಾಸ್ಕೆಟ್, ಅಂದರೆ ಪೆಟ್ಟಿಗೆಗೂ ಚಾವಣಿಗೂ ನಡುವೆ ನೀರು ಇಳಿಯದಂತೆ ಇಡುವ ಮೆತ್ತನೆ ಪಟ್ಟಿ. ಪೆಟ್ಟಿಗೆ ಹತ್ತಿರ ಹತ್ತಿರ 40 ಕಿಲೋ ತೂಗುತ್ತದೆ. ಚಾವಣಿಯ ಮೇಲೆ ಅದನ್ನು ಎಳೆಯಬಾರದು, ಎತ್ತಿ ಇಡಬೇಕು, ಇಲ್ಲದಿದ್ದರೆ ಗ್ಯಾಸ್ಕೆಟ್ ಹರಿಯುತ್ತದೆ. ಒಳಗಿನಿಂದ ನಾಲ್ಕು ಬೋಲ್ಟನ್ನೂ ಸಮನಾಗಿ ಬಿಗಿಯಬೇಕು, ಗ್ಯಾಸ್ಕೆಟ್ ಸುಮಾರು ಅರ್ಧ ಇಂಚಿಗೆ ಅದುಮುವಷ್ಟು. ಅದರ ಸುತ್ತ ಸಿಲಿಕೋನ್ ಬಳಿಯುವ ಅಗತ್ಯವಿಲ್ಲ. ಗಾಡಿ ಓಡಿ ಓಡಿ ಬೋಲ್ಟ್ ಸಡಿಲವಾಗುವುದುಂಟು. ವರ್ಷಕ್ಕೊಮ್ಮೆ ನಾನು ತಪ್ಪದೆ ನೋಡುತ್ತೇನೆ. ನೀರು ಒಂದು ಹನಿಯೂ ಇಳಿದಿಲ್ಲ.

ಜೊತೆಗೆ ಹಾಕಿಸಿದ ಮೈಕ್ರೋ-ಏರ್ ಕಂಪನಿಯ ಈಸಿಸ್ಟಾರ್ಟ್ ಬಗ್ಗೆ ಎಷ್ಟು ಹೇಳಿದರೂ ಕಡಿಮೆ. ಕಂಪ್ರೆಸರ್ ಶುರುವಾಗುವ ಕ್ಷಣದಲ್ಲಿ ಓಡುವಾಗಿನದಕ್ಕಿಂತ ಹಲವು ಪಟ್ಟು ಕರೆಂಟ್ ಎಳೆಯುತ್ತದೆ. ಈ ಸಾಧನ ಅದನ್ನು ಮೆಲ್ಲಗೆ ಏರಿಸುತ್ತದೆ. ಮುಂಚೆ ದೊಡ್ಡ ಜನರೇಟರ್ ಕೂಡ ಒಮ್ಮೆ ಗೊರಕೆ ಹೊಡೆದು ಬೆಳಕು ಮಂಕಾಗುತ್ತಿತ್ತು. ಈಗ ಹೋಂಡಾ ಇಯು2200ಐ ಎಂಬ ಕೈಯಲ್ಲಿ ಎತ್ತುವ ಜನರೇಟರಿನಲ್ಲೇ ಎಸಿ ಎದ್ದು ಓಡುತ್ತದೆ. ಅದರ ನಿರಂತರ ಸಾಮರ್ಥ್ಯ 1,800 ವ್ಯಾಟ್ ಮಾತ್ರ, ಹಾಗಾಗಿ ಆಗ ಬೇರೇನೂ ಹಾಕುವಂತಿಲ್ಲ.

ಮಿತಿಗಳೂ ಇವೆ. ಇದು ಇನ್ವರ್ಟರ್ ಎಸಿಯಲ್ಲ, ಓಡಿದರೆ ಪೂರ್ತಿ, ನಿಂತರೆ ಪೂರ್ತಿ. ಫ್ಯಾನೂ ಕಂಪ್ರೆಸರೂ ನೆತ್ತಿಯ ಮೇಲೇ ಇರುವುದರಿಂದ ಊರಿನ ಸ್ಪ್ಲಿಟ್ ಎಸಿಯ ಮೌನ ಇಲ್ಲಿ ಸಿಗುವುದಿಲ್ಲ. ಫ್ಯಾನನ್ನು ಸಣ್ಣ ವೇಗಕ್ಕಿಟ್ಟರೆ ಅಪ್ಪನಿಗೆ ನಿದ್ದೆ ಬರುತ್ತದೆ, ನಮಗೆ ಅಷ್ಟು ಸಾಕು. ಬಿಗ್ ಬೆಂಡ್ ರಾಷ್ಟ್ರೀಯ ಉದ್ಯಾನದಂಥ ಕಡೆ ಎಸಿ ಎಷ್ಟೇ ಒಳ್ಳೆಯದಿದ್ದರೂ ಉಪಯೋಗವಿಲ್ಲ: ಅಲ್ಲಿನ ರಿಯೋ ಗ್ರಾಂಡೆ ವಿಲೇಜ್ ಕ್ಯಾಂಪಿನಲ್ಲಿ ಕರೆಂಟ್ ಇಲ್ಲದ ಜಾಗ ಸಿಕ್ಕರೆ ಜನರೇಟರನ್ನು ರಾತ್ರಿ 8ಕ್ಕೆ ನಿಲ್ಲಿಸಬೇಕು, ಕಾಟನ್‌ವುಡ್ ಕ್ಯಾಂಪಿನಲ್ಲಿ ಜನರೇಟರಿಗೆ ಅನುಮತಿಯೇ ಇಲ್ಲ. ಹಿರಿಯರನ್ನು ಕರೆದುಕೊಂಡು ಹೋಗುವವರು ಕರೆಂಟ್ ಇರುವ ಜಾಗವನ್ನೇ ಮುಂಚಿತವಾಗಿ ಕಾಯ್ದಿರಿಸಿ, ಅಥವಾ ಆ ಕಡೆ ಚಳಿಗಾಲದಲ್ಲಿ ಹೋಗಿ.

ಡ್ರೈವರ್ ಸೀಟಿನ ಹಿಂದೆ ದಪ್ಪ ಪರದೆ ಇಲ್ಲದಿದ್ದರೆ ಮುಂದಿನ ಗಾಜಿನಿಂದ ಬರುವ ಬಿಸಿಯನ್ನು ಈ ಎಸಿ ಸೋಲಿಸಲಾರದು. ಎರಡು ವಾರಕ್ಕೊಮ್ಮೆ ಫಿಲ್ಟರ್ ತೊಳೆಯಿರಿ. ಒಗ್ಗರಣೆಯ ಎಣ್ಣೆ ಹೊಗೆ ಅದಕ್ಕೆ ಬೇಗ ಹಿಡಿಯುತ್ತದೆ. ಸುಡು ಮಧ್ಯಾಹ್ನಗಳಲ್ಲಿ ಕ್ಯಾಂಪಿನ ವೋಲ್ಟೇಜ್ 104ರ ಹತ್ತಿರ ಇಳಿದರೆ ಎಸಿಯನ್ನು ಬಂದ್ ಮಾಡುವ ರಕ್ಷಕ ಸಾಧನವೊಂದನ್ನು ಪ್ಲಗ್ಗಿಗೆ ಹಾಕಿಕೊಳ್ಳಿ. ಕಂಪ್ರೆಸರ್ ಸುಟ್ಟರೆ ಮತ್ತೆ ಇಡೀ ಪೆಟ್ಟಿಗೆಯನ್ನೇ ಕೊಳ್ಳಬೇಕಾಗುತ್ತದೆ.