ಆರು ವರ್ಷಗಳಿಂದ ಜೊತೆಗಿರುವ ಅಕೌಂಟೆಂಟ್, ಅವರ ಫೋನಿಗೆ ಹೋಗುತ್ತಿದ್ದ ನನ್ನ ಓಟಿಪಿ

ದಾವಣಗೆರೆಯ ಮಂಡಿಪೇಟೆಯಲ್ಲಿ ನಮ್ಮದು ಸಣ್ಣ ಪಾತ್ರೆ ಅಂಗಡಿ. 2019ರಿಂದ ಒಬ್ಬರೇ ಅಕೌಂಟೆಂಟ್ ಲೆಕ್ಕ ನೋಡುತ್ತಿದ್ದಾರೆ. ಶುಲ್ಕ ತಿಂಗಳಿಗೆ ಸಾವಿರದ ಐನೂರು ಇತ್ತು, ಆದಾಯ ತೆರಿಗೆಯ ರಿಟರ್ನ್‌ಗೆ ಬೇರೆ ಮೂರು ಸಾವಿರ. ಇದಕ್ಕಿಂತ ಅಗ್ಗಕ್ಕೆ ಮಾಡಿಕೊಡುವವರು ಪಕ್ಕದ ಬೀದಿಯಲ್ಲೇ ಇದ್ದಾರೆ.

ಆದರೂ ಬಿಟ್ಟಿಲ್ಲ. ತಿಂಗಳಾದ ಮೇಲೆ ಕಂಬಿಗೆ ಚುಚ್ಚಿಟ್ಟ ಬಿಲ್ಲುಗಳನ್ನು ಕಿತ್ತು ಬಿಸ್ಕತ್ತಿನ ಡಬ್ಬಿಗೆ ತುಂಬಿ ಅವರ ಮಹಡಿ ಹತ್ತುತ್ತೇನೆ. ಅವರು ಒದ್ದೆ ಸ್ಪಂಜಿಗೆ ಬೆರಳು ಒತ್ತಿ ಒಂದೊಂದನ್ನೇ ತಿರುವುತ್ತಾರೆ. ನುಣುಪು ಕಾಗದದ ಬಿಲ್ ಸಿಕ್ಕರೆ ಮುಖ ಸಿಂಡರಿಸುತ್ತಾರೆ: “ಇದರ ಅಕ್ಷರ ದೀಪಾವಳಿಗೆ ಮುಂಚೆ ಮಾಯ. ಜೆರಾಕ್ಸ್ ಎಲ್ಲಿ?” 14ನೇ ತಾರೀಖು ಜಿಎಸ್‌ಟಿಯ 2ಬಿ ಪಟ್ಟಿ, ಅಂದರೆ ನಮಗೆ ಮಾರಿದವರು ತೋರಿಸಿದ ಬಿಲ್ಲುಗಳ ಪಟ್ಟಿ, ಬಂದ ಮೇಲೆ ಅವರ ಧ್ವನಿ ಸಂದೇಶ ಬರುತ್ತದೆ. ಚೆನ್ನೈನ ಯಾವ ವ್ಯಾಪಾರಿ ನಮ್ಮ ಬಿಲ್ ತೋರಿಸಿಲ್ಲ, ಯಾರಿಗೆ ಹಣ ತಡೆಹಿಡಿಯಬೇಕು ಎಂದು ಹೆಸರು ಹಿಡಿದು ಹೇಳುತ್ತಾರೆ. ಮಾರಿದವನು ರಿಟರ್ನ್‌ನಲ್ಲಿ ತೋರಿಸದಿದ್ದರೆ ಕೊಂಡವನಿಗೆ ಕ್ರೆಡಿಟ್ ಇಲ್ಲ, ಅಂದರೆ ಕೊಳ್ಳುವಾಗ ಕೊಟ್ಟ ತೆರಿಗೆಯನ್ನು ತಾನು ಕಟ್ಟುವ ತೆರಿಗೆಯಲ್ಲಿ ಕಳೆದುಕೊಳ್ಳುವಂತಿಲ್ಲ ಎಂಬ ನಿಯಮ ನನಗೆ ತಿಳಿದಿದ್ದೇ ಹೀಗೆ.

2025ರ ಜುಲೈನಲ್ಲಿ ಬ್ಯಾಂಕಿನವರು ಓ.ಡಿ. (ಓವರ್‌ಡ್ರಾಫ್ಟ್) ಸಾಲದ ನವೀಕರಣಕ್ಕೆ ರಿಟರ್ನ್ ಪ್ರತಿ ಕೇಳಿದರು. ಯುಪಿಐ ವಹಿವಾಟು ನೋಡಿ ಬೇಕರಿ, ಕಾಂಡಿಮೆಂಟ್ಸ್ ಅಂಗಡಿಯವರಿಗೆಲ್ಲ ವಾಣಿಜ್ಯ ತೆರಿಗೆ ಇಲಾಖೆ ನೋಟಿಸ್ ಕಳಿಸಿದ್ದ ದಿನಗಳು ಅವು. ನೋಟಿಸ್ ಹಿಡಿದವರೆಲ್ಲ ನಮ್ಮ ಅಕೌಂಟೆಂಟರ ಮಹಡಿಯಲ್ಲಿ ಸಾಲು ನಿಂತಿದ್ದರು, ನನ್ನ ಫೋನ್ ಮೂರು ದಿನ ಎತ್ತಲಿಲ್ಲ. ನಾನೇ ನೋಡೋಣವೆಂದು ಜಿಎಸ್‌ಟಿ ಪೋರ್ಟಲ್ ತೆರೆದು ಪಾಸ್‌ವರ್ಡ್ ಮರೆತಿದೆ ಎಂದು ಒತ್ತಿದೆ. ಓಟಿಪಿ ಹೋಯಿತು. ನನ್ನ ಮೊಬೈಲ್‌ಗಲ್ಲ, ಅವರ ಮೊಬೈಲ್‌ಗೆ. ಇಮೇಲ್ ಸಹ ಅವರದೇ.

ನಮ್ಮಂಥ ಒಬ್ಬರ ಮಾಲೀಕತ್ವದ ಅಂಗಡಿಗೆ ರಿಟರ್ನ್ ಸಲ್ಲಿಸುವಾಗ ಆ ಆರು ಅಂಕಿಯೇ ಸಹಿ. ಆರು ವರ್ಷ ನನ್ನ ಸಹಿ ಇನ್ನೊಬ್ಬರ ಜೇಬಿನಲ್ಲಿತ್ತು! ನನ್ನ ಹೆಸರಿಗೆ ನೋಟಿಸ್ ಬಂದಿದ್ದರೂ ಅವರು ಹೇಳಿದರೆ ಮಾತ್ರ ನನಗೆ ಗೊತ್ತು.

ನಾಲ್ಕನೆಯ ದಿನ ಪಾಸ್‌ವರ್ಡ್ ಚೀಟಿ ಕೊಟ್ಟರು. ಅಂಗಡಿ ಮುಚ್ಚಿ, ಊಟ ಬಿಟ್ಟು, ಹಿಂದಿನ ರಿಟರ್ನ್‌ಗಳನ್ನು ಒಂದೊಂದಾಗಿ ತೆರೆದೆ. 20ರೊಳಗೆ ಹಾಕಬೇಕಾದ ತಿಂಗಳ ಜಿಎಸ್‌ಟಿ ರಿಟರ್ನ್ 3ಬಿ ಹನ್ನೊಂದು ಸಲ ತಡವಾಗಿತ್ತು. ಒಟ್ಟು 63 ದಿನ. ದಿನಕ್ಕೆ ಐವತ್ತರಂತೆ 3,150 ರೂಪಾಯಿ. ಆ ದಂಡ ಮುಂದಿನ ತಿಂಗಳ ಚಲನ್‌ನಲ್ಲಿ ಸೇರಿ ಬರುತ್ತದೆ. ನಾನು ಅವರು ಹೇಳಿದ ಮೊತ್ತ ಕಟ್ಟುತ್ತಿದ್ದೆನೇ ಹೊರತು ಚಲನ್ ಬಿಡಿಸಿ ನೋಡಿದವನಲ್ಲ. ಬೆಳಿಗ್ಗೆಯೇ ಹೋಗಿ ಲೆಕ್ಕ ಚುಕ್ತಾ ಮಾಡಿಕೊಂಡು ಬರುತ್ತೇನೆ ಎಂದು ಹೆಂಡತಿಗೆ ಹೇಳಿ ಮಲಗಿದೆ.

ನಿದ್ದೆ ಬರಲಿಲ್ಲ. ಎದ್ದು ವಾಟ್ಸ್ಆ್ಯಪ್‌ನಲ್ಲಿ ಹಳೆಯ ಸಂದೇಶ ಹುಡುಕಿದೆ. “ಡಬ್ಬಿ ಇನ್ನೂ ಬಂದಿಲ್ಲ”, “ಇವತ್ತು 19, ಬಿಲ್ ಕಳಿಸಿ”, “ಸಾಹುಕಾರರೇ, ಕಡೆಯ ದಿನ.” ಮದುವೆ ಸುಗ್ಗಿಯ ತಿಂಗಳುಗಳಲ್ಲಿ ನಾನು ಡಬ್ಬಿ ಕೊಟ್ಟಿದ್ದೇ 22, 23ಕ್ಕೆ. ಹನ್ನೊಂದರಲ್ಲಿ ಏಳು ನನ್ನ ಪಾಪ.

ಉಳಿದ ನಾಲ್ಕರ 24 ದಿನ ಅವರದು. ಜಗಳಕ್ಕೆ ಸಿದ್ಧನಾಗಿ ಹೋದರೆ ಅವರು ಪಟ್ಟಿ ನೋಡಿ, ಮಾತಾಡದೆ ಆ ತಿಂಗಳ ಶುಲ್ಕದಲ್ಲಿ 1,200 ಕಳೆದರು. ನನ್ನ ಎದುರಿನಲ್ಲೇ ಪೋರ್ಟಲ್ ತೆರೆದು ಮೊಬೈಲ್, ಇಮೇಲ್ ಎರಡನ್ನೂ ನನ್ನದಕ್ಕೆ ಬದಲಿಸಿದರು. ಅದಕ್ಕೆ ಯಾವ ಅಧಿಕಾರಿಯ ಒಪ್ಪಿಗೆಯೂ ಬೇಕಿರಲಿಲ್ಲ, ಚಹಾ ಆರುವುದರೊಳಗೆ ಮುಗಿಯಿತು. ಇಷ್ಟು ಸಲೀಸಾದ ಕೆಲಸವನ್ನು ಮೊದಲ ದಿನವೇ ಏಕೆ ಮಾಡಲಿಲ್ಲ ಎಂದರೆ, “ನೀವು ಕೇಳಲಿಲ್ಲ” ಎಂದರು. ಈ ಮಾತಿಗೆ, ನಾನು ಅವರಿಗೆ ಕೊಡುವ ರೇಟಿಂಗ್‌ನಲ್ಲಿ ಒಂದು ನಕ್ಷತ್ರ ಕಳೆದಿದ್ದೇನೆ.

ಆದರೆ ಅದೇ ವರ್ಷದ ಸೆಪ್ಟೆಂಬರ್ 21, ಭಾನುವಾರ, ಮಹಾಲಯ ಅಮಾವಾಸ್ಯೆ. ಮರುದಿನದಿಂದ ಪಾತ್ರೆಗೆ ಜಿಎಸ್‌ಟಿ 12ರಿಂದ 5ಕ್ಕೆ ಇಳಿಯುವುದಿತ್ತು. ಎಡೆ ಇಟ್ಟು ಉಂಡು, ಕರೆಯದೆಯೇ ಅಂಗಡಿಗೆ ಬಂದರು. ರಾತ್ರಿ ಹತ್ತೂವರೆವರೆಗೆ ನನ್ನ ಮಗನ ಪಕ್ಕ ಕುಳಿತು ಬಿಲ್ಲಿಂಗ್ ತಂತ್ರಾಂಶದಲ್ಲಿ ತಪ್ಪಲೆ, ಕೊಳಗ, ಚರಿಗೆ ಎಂದು ಒಂದೊಂದರ ದರ ಬದಲಿಸಿದರು. ಮಿಕ್ಸಿಯ ಸಾಲಿಗೆ ಬಂದಾಗ ಮಗನ ಕೈ ತಡೆದರು: “ಅದು 18ರಲ್ಲೇ ಇರಲಿ.” 12 ಕೊಟ್ಟು ತಂದ ಸರಕು ರ‍್ಯಾಕಿನ ತುಂಬ ಇತ್ತು. ಪಡೆದ ಕ್ರೆಡಿಟ್ ಹಾಗೆಯೇ ಉಳಿಯುತ್ತದೆ, ಮುಂದಿನ ತೆರಿಗೆಗೆ ಬಳಸಬಹುದು ಎಂದು ಅವರು ಹೇಳಿದ ಮೇಲೆಯೇ ನನ್ನ ಎದೆಬಡಿತ ಇಳಿದದ್ದು.

ಈಗ ಶುಲ್ಕ ಎರಡು ಸಾವಿರವಾಗಿದೆ. ಚೌಕಾಸಿ ಮಾಡಲಿಲ್ಲ. ಓಟಿಪಿ ಮಾತ್ರ ನನಗೇ ಬರುತ್ತದೆ, ಅದೂ ಸರಿಯಾಗಿ ಗಿರಾಕಿ ತುಂಬಿದ ಹೊತ್ತಿಗೆ. ಕಳೆದ ತಿಂಗಳು ಬೀಗರಿಗೆ ಕೊಡುವ ಬಿಂದಿಗೆಯ ಮೇಲೆ ಹೆಸರು ಕೆತ್ತಿಸುತ್ತಿದ್ದ ಅಜ್ಜಿಯೊಬ್ಬರು, ನಾನು ಫೋನಿನಲ್ಲಿ ಕೂಗಿ ಹೇಳಿದ ಆರು ಅಂಕಿಯನ್ನು ಬಿಂದಿಗೆಯ ಬೆಲೆ ಎಂದುಕೊಂಡು ಎದ್ದೇ ಹೊರಟಿದ್ದರು.