ಮನೆಯಲ್ಲಿ ಬಿಯರ್ ಮಾಡುವ ಕಿಟ್ ತರಿಸುವ ಮುಂಚೆ ಇದನ್ನು ಓದಿ

ಮುಂಬೈ, ಠಾಣೆ, ಡೊಂಬಿವಲಿ ಕಡೆಯ ನಮ್ಮ ಜನ ಯಾರಾದರೂ ‘ಮನೆಯಲ್ಲೇ ಬಿಯರ್ ಮಾಡಿ, ಎಲ್ಲ ಸಾಮಾನು ಒಂದೇ ಬಾಕ್ಸಿನಲ್ಲಿ’ ಎಂದು ಮಾರುವ ಕಿಟ್ ತರಿಸುವ ಯೋಚನೆಯಲ್ಲಿದ್ದರೆ ದಯವಿಟ್ಟು ಸ್ವಲ್ಪ ತಡೆಯಿರಿ. ಅಂಥದ್ದೇ ಒಂದು ಕಿಟ್‌ನಿಂದ ನನ್ನ ತಮ್ಮನ ಮುಂಗೈಗೆ ಹೊಲಿಗೆ ಬಿತ್ತು. ಗಾಜಿನ ಚೂರು ಇನ್ನೊಂದು ಗೇಣು ಮೇಲೆ ಹಾರಿದ್ದರೆ ಕಣ್ಣೇ ಹೋಗುತ್ತಿತ್ತು.

ತಮ್ಮನಿಗೆ ಬೇಕಾಗಿದ್ದದ್ದು ಬಿಯರ್ ಅಲ್ಲ, ಜಿಂಜರ್ ಬಿಯರ್. ಶುಂಠಿ, ನಿಂಬೆಹಣ್ಣು, ಸಕ್ಕರೆ, ಚಿಟಿಕೆ ಈಸ್ಟ್ ಹಾಕಿ ಮಾಡುವ ಗ್ಯಾಸ್ ಇರುವ ಪಾನಕ. ಮಾರುವವನಿಗೆ ಫೋನ್ ಮಾಡಿ ಕೇಳಿದ. ‘ಅದೇ ಬಿಯರ್ ಕಿಟ್ ಸಾಕು, ಮಾಲ್ಟ್ ಬದಲು ಶುಂಠಿ ಸಕ್ಕರೆ ಹಾಕಿ, ಮಕ್ಕಳೂ ಕುಡಿಯಬಹುದು’ ಎಂದ ಅವನು. ಬಾಕ್ಸ್ ಬಂತು. ಬಿಳಿ ಪ್ಲಾಸ್ಟಿಕ್ ಕ್ಯಾನ್, ಏರ್‌ಲಾಕ್ (ಒಳಗಿನ ಗ್ಯಾಸ್ ಹೊರಗೆ ಬಿಟ್ಟು ಹೊರಗಿನ ಗಾಳಿ ತಡೆಯುವ ನೀರಿನ ಕೊಳವೆ), ಪುಡಿ ಮಾಡಿದ ಮಾಲ್ಟ್ (ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ), ಹಾಪ್ಸ್ (ಬಿಯರ್‌ಗೆ ಕಹಿ, ಘಮ ಕೊಡುವ ಹೂ), ಈಸ್ಟ್, ತಂತಿ ಕ್ಲಿಪ್ಪಿನ ಮುಚ್ಚಳ ಇರುವ ಚೌಕ ಬಾಟಲಿಗಳು. ನೋಡಲು ತುಂಬಾ ಚಂದ. ಜೊತೆಗೆ ಒಂದು ಹಾಳೆ: ‘ಏರ್‌ಲಾಕ್‌ನಲ್ಲಿ ಗುಳ್ಳೆ ನಿಂತರೆ ಹುದುಗು ಮುಗಿದಂತೆ. ಬಾಟಲಿಗೆ ತುಂಬಿ, ಪ್ರತಿ ಬಾಟಲಿಗೆ ಒಂದು ಚಮಚ ಸಕ್ಕರೆ ಹಾಕಿ, ಹೊರಗಡೆ ಇಡಿ.’

ತಮ್ಮ ಅದರಲ್ಲಿದ್ದ ಹಾಗೇ ಮಾಡಿದ. ಬಾಟಲಿಗಳನ್ನು ಅಡುಗೆಮನೆ ಕಟ್ಟೆಯ ಕೆಳಗೆ ಇಟ್ಟಿದ್ದ. ರಾತ್ರಿ ಒಂದು ಒಡೆದಾಗ ಸಿಲಿಂಡರ್ ಸಿಡಿಯಿತು ಅಂದುಕೊಂಡು ಎಲ್ಲರೂ ಎದ್ದು ಓಡಿದೆವು. ಮೇಲಿನ ಮಹಡಿಯ ಕಾಕು ಕೂಡ ಇಳಿದು ಬಂದರು. ಕಟ್ಟೆ ಕೆಳಗಿನ ಪ್ಲೈವುಡ್ ಬಾಗಿಲಿಗೆ ಬೆರಳುದ್ದದ ಗಾಜು ನೆಟ್ಟಗೆ ಚುಚ್ಚಿಕೊಂಡು ನಿಂತಿತ್ತು. ಕೈಯಿಂದ ಎಳೆದರೂ ಬರಲಿಲ್ಲ, ಇಕ್ಕಳ ಬೇಕಾಯಿತು. ಉಳಿದವನ್ನು ಗ್ಯಾಲರಿಗೆ ಸಾಗಿಸೋಣ ಅಂತ ತಮ್ಮ ಇನ್ನೊಂದನ್ನು ಎತ್ತಿದ. ಅದು ಕೈಯಲ್ಲೇ ಒಡೆಯಿತು.

ಮಾರಿದವನ ಉತ್ತರ: ‘ಸಕ್ಕರೆ ಜಾಸ್ತಿ ಹಾಕಿರ್ತೀರಿ.’ ಆಮೇಲೆ ಫೋನೇ ಎತ್ತಲಿಲ್ಲ.

ತಮ್ಮನ ಗೆಳೆಯನೊಬ್ಬ ಮಂಗಳೂರಿನವನು, ಇಲ್ಲಿ ಒಂದು ಮೈಕ್ರೋಬ್ರೂವರಿಯಲ್ಲಿ ಬಿಯರ್ ಮಾಡುವ ಕೆಲಸದಲ್ಲಿದ್ದಾನೆ. ನೋಡಲು ಬಂದವನು ಬಾಕ್ಸಿನ ಒಂದೊಂದೇ ಸಾಮಾನು ಕೈಗೆತ್ತಿಕೊಂಡು ಪರೀಕ್ಷೆ ಮಾಡಿದ. ‘ಅಕ್ಕ, ಇದರಲ್ಲಿ ಒಂದೂ ಸರಿ ಇಲ್ಲ’ ಎಂದ. ಮುಂದೆ ಬರೆಯುವುದರಲ್ಲಿ ಬಹುಪಾಲು ಅವನು ಹೇಳಿದ್ದು, ಆಮೇಲೆ ನಾನು ಓದಿ ಖಚಿತ ಮಾಡಿಕೊಂಡದ್ದು.

ಎಲ್ಲಕ್ಕಿಂತ ಮುಖ್ಯ ಸಕ್ಕರೆ ಮತ್ತು ಗ್ಯಾಸ್. ಈಸ್ಟ್ ಸಕ್ಕರೆ ತಿಂದು ಆಲ್ಕೋಹಾಲ್ ಮತ್ತು ಕಾರ್ಬನ್ ಡೈಆಕ್ಸೈಡ್ ಮಾಡುತ್ತದೆ. ಒಂದು ಲೀಟರ್‌ನಲ್ಲಿ 4 ಗ್ರಾಂ ಸಕ್ಕರೆ ಪೂರ್ತಿ ಹುದುಗಿದರೆ ಸುಮಾರು ಒಂದು ಲೀಟರ್ ಗ್ಯಾಸ್ ಹುಟ್ಟುತ್ತದೆ. ಮಾಮೂಲಿ ಬಿಯರ್‌ನಲ್ಲಿ ಲೀಟರಿಗೆ ಇರುವುದೇ ಎರಡೂವರೆ ಲೀಟರ್ ಗ್ಯಾಸ್. ಬಿಯರ್ ಮಾಡುವವರು ಮೊದಲು ಎಲ್ಲ ಸಕ್ಕರೆಯನ್ನೂ ಹುದುಗಿಸಿ ಮುಗಿಸುತ್ತಾರೆ. ಆಮೇಲೆ ಬಾಟಲಿಗೆ ತುಂಬುವಾಗ ಲೀಟರಿಗೆ 6–7 ಗ್ರಾಂ ಮಾತ್ರ ತೂಗಿ ಹಾಕುತ್ತಾರೆ. ಜಿಂಜರ್ ಬಿಯರ್ ಹಾಗಲ್ಲ. ಅದು ಸಿಹಿಯಾಗಿರಬೇಕು. ಲೀಟರಿಗೆ 100 ಗ್ರಾಂ ಸಕ್ಕರೆ ಹಾಕುವುದು ಸಾಮಾನ್ಯ, ತುಂಬುವಾಗಲೂ ಅದರಲ್ಲಿ ಬಹುಪಾಲು ಹಾಗೇ ಉಳಿದಿರುತ್ತದೆ. ಅಷ್ಟೂ ಹುದುಗಿದರೆ ಒಂದು ಲೀಟರ್ ಬಾಟಲಿಯಲ್ಲಿ 25 ಲೀಟರ್ ಗ್ಯಾಸ್! ಅದನ್ನು ತಡೆಯುವ ಗಾಜಿನ ಬಾಟಲಿ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ಇನ್ನೂ ಸಿಹಿ ಇರುವ ಪಾನಕಕ್ಕೆ ಮತ್ತೊಂದು ಚಮಚ ಸಕ್ಕರೆ ಹಾಕಿ, ಮುಂಬೈ ಸೆಕೆಯಲ್ಲಿ ಹೊರಗಿಡಿ ಎಂದು ಬರೆದವನಿಗೆ ಈ ವಿಷಯ ಗೊತ್ತೇ ಇರಲಿಲ್ಲ, ಅಥವಾ ಬೇಕಾಗಿರಲಿಲ್ಲ.

ಸೆಕೆಯೂ ಸಣ್ಣ ವಿಷಯವಲ್ಲ. ಸಾಮಾನ್ಯ ಏಲ್ (ಒಂದು ಬಗೆಯ ಬಿಯರ್) ಈಸ್ಟ್‌ಗೆ ಹಿತವಾದದ್ದು 18ರಿಂದ 22 ಡಿಗ್ರಿ. ನಮ್ಮಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ರಾತ್ರಿ ಕೂಡ ಅಷ್ಟಕ್ಕೆ ಇಳಿಯುವುದಿಲ್ಲ. ಈಸ್ಟ್ ಒಂದೇ ಸಮನೆ ಓಡುತ್ತದೆ. ಸಾಲದ್ದಕ್ಕೆ ದ್ರವ ಬಿಸಿಯಾದಷ್ಟೂ ಗ್ಯಾಸ್ ಅದರೊಳಗೆ ನಿಲ್ಲುವುದಿಲ್ಲ. ಫ್ರಿಜ್‌ನಲ್ಲಿ ಸುಮ್ಮನಿರುವ ಬಾಟಲಿಯ ಒತ್ತಡ 30 ಡಿಗ್ರಿಯಲ್ಲಿ ಹೆಚ್ಚು ಕಡಿಮೆ ಎರಡರಷ್ಟಾಗುತ್ತದೆ.

ಇನ್ನು ಬಾಟಲಿ. ಕ್ಲಿಪ್ ಮುಚ್ಚಳ ಇದ್ದ ಮಾತ್ರಕ್ಕೆ ಅದು ಗ್ಯಾಸ್ ತಡೆಯುವ ಬಾಟಲಿ ಅಲ್ಲ. ಎಣ್ಣೆ, ಶರಬತ್ತು, ಅಲಂಕಾರಕ್ಕೆ ಅಂತ ಮಾರುವ ತೆಳು ಗಾಜಿನವೇ ಜಾಸ್ತಿ. ಚೌಕ ಬಾಟಲಿಯಂತೂ ಬೇಡವೇ ಬೇಡ. ದುಂಡು ಬಾಟಲಿಯಲ್ಲಿ ಒತ್ತಡ ಸುತ್ತಲೂ ಸಮನಾಗಿ ಹಂಚಿಕೊಳ್ಳುತ್ತದೆ, ಚೌಕದಲ್ಲಿ ಚಪ್ಪಟೆ ಬದಿ ಉಬ್ಬಲು ನೋಡಿ ಮೂಲೆಗಳಲ್ಲಿ ಸೀಳುತ್ತದೆ. ನಮ್ಮೂರ ಗೋಲಿ ಸೋಡಾ ಬಾಟಲಿ ಕೈಗೆ ಎಷ್ಟು ಭಾರ ಇರುತ್ತಿತ್ತು ನೆನಪಿದೆಯಾ? ಗ್ಯಾಸ್ ತುಂಬುವ ಗಾಜು ಹಾಗೆ ದಪ್ಪ ಇರಬೇಕು. ತೊಳೆಯುವಾಗ ತಣ್ಣನೆ ಗಾಜಿಗೆ ಕುದಿಯುವ ನೀರು ಸುರಿಯಬೇಡಿ. ಕಣ್ಣಿಗೆ ಕಾಣದ ಬಿರುಕು ಬಿಡುತ್ತದೆ, ಒತ್ತಡ ಬಂದಾಗ ಅಲ್ಲಿಂದಲೇ ಒಡೆಯುತ್ತದೆ.

ಜಿಂಜರ್ ಬಿಯರ್‌ಗೆ ಗಾಜೇ ಬೇಡ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಕೋಲಾ, ಸೋಡಾ ಕುಡಿದು ಮುಗಿಸಿದ ಪೆಟ್ (ಪ್ಲಾಸ್ಟಿಕ್) ಬಾಟಲಿ ಸಾಕು. ತಳದಲ್ಲಿ ಐದು ಉಬ್ಬು ಕಾಲುಗಳಿರುವಂಥದ್ದು. ಬರೀ ನೀರಿನ ಬಾಟಲಿ ಆಗುವುದಿಲ್ಲ, ಅದು ತೆಳು. ಪೆಟ್ ಬಾಟಲಿಯ ಉಪಕಾರ ಏನೆಂದರೆ ಒಳಗೆ ಏನಾಗುತ್ತಿದೆ ಅಂತ ಬೆರಳಿಗೇ ಗೊತ್ತಾಗುತ್ತದೆ. ತುಂಬುವಾಗ ಒತ್ತಿದರೆ ಒಳಗೆ ಹೋಗುತ್ತದೆ. ಮುಂಬೈ ಬೇಸಿಗೆಯಲ್ಲಿ ಅದು ಒಂದು ದಿನದೊಳಗೇ ಕಲ್ಲಿನಂತೆ ಗಟ್ಟಿಯಾಗಬಹುದು. ಆದ್ದರಿಂದ ಕೆಲವು ಗಂಟೆಗೊಮ್ಮೆ ಒತ್ತಿ ನೋಡಿ, ಗಟ್ಟಿಯಾದ ಕೂಡಲೇ ಫ್ರಿಜ್‌ಗೆ ಹಾಕಿ. ಫ್ರಿಜ್‌ನಲ್ಲೂ ಈಸ್ಟ್ ಪೂರ್ತಿ ನಿಲ್ಲುವುದಿಲ್ಲ, ನಿಧಾನ ಆಗುತ್ತದೆ ಅಷ್ಟೇ. ವಾರದೊಳಗೆ ಕುಡಿದು ಮುಗಿಸಿ, ನಡುವೆ ಮುಚ್ಚಳ ಸಡಿಲಿಸಿ ಗ್ಯಾಸ್ ಬಿಡಿ.

ಮಕ್ಕಳ ವಿಷಯ ಹೇಳಲೇಬೇಕು. 100 ಗ್ರಾಂ ಸಕ್ಕರೆ ಪೂರ್ತಿ ಹುದುಗಿದರೆ 6 ಶೇಕಡಾ ಆಸುಪಾಸು ಆಲ್ಕೋಹಾಲ್ ಆಗುತ್ತದೆ. ಮಾಮೂಲಿ ಬಿಯರ್‌ಗಿಂತ ಜಾಸ್ತಿ. ಬೇಗ ಫ್ರಿಜ್‌ಗೆ ಹಾಕಿದರೂ ಸ್ವಲ್ಪ ಇದ್ದೇ ಇರುತ್ತದೆ. ಮಕ್ಕಳಿಗೆ ಕೊಡಬೇಕೆಂದರೆ ಶುಂಠಿ ನಿಂಬೆಯ ಪಾಕ ಮಾಡಿ ಸೋಡಾ ಬೆರೆಸಿ ಕೊಡಿ. ಈಸ್ಟ್ ಸಹವಾಸವೇ ಬೇಡ. ಇನ್ನು ನಿಜವಾದ ಬಿಯರ್ ಮಾಡುವ ಆಸೆಯಿರುವವರಿಗೆ: ಮಹಾರಾಷ್ಟ್ರದಲ್ಲಿ 1949ರ ಪಾನನಿಷೇಧ ಕಾಯ್ದೆ ಇವತ್ತಿಗೂ ಜಾರಿಯಲ್ಲಿದೆ. ಲೈಸೆನ್ಸ್ ಇಲ್ಲದೆ ಮದ್ಯ ತಯಾರಿಸುವುದು ಅಪರಾಧ. ಕಿಟ್ ಮಾರುವವನು ಇದನ್ನು ಬಾಯಿ ಬಿಟ್ಟು ಹೇಳುವುದಿಲ್ಲ.

ಕ್ಯಾನ್ ವಿಷಯ ನನಗೆ ಇವತ್ತಿಗೂ ಸಿಟ್ಟು ಬರಿಸುತ್ತದೆ. ಗೆಳೆಯ ಅದರೊಳಗೆ ಬಿಸಿನೀರು ಹಾಕಿ, ಮುಚ್ಚಿ, ಸ್ವಲ್ಪ ಹೊತ್ತು ಬಿಟ್ಟು ತೆಗೆದು ನನ್ನ ಮೂಗಿಗೆ ಹಿಡಿದ. ಘಮ್ಮನೆ ಶಾಂಪೂ ವಾಸನೆ. ಹೊರಗಡೆ ಲೇಬಲ್ ಕೆರೆದು ತೆಗೆದ ಅಂಟು ಇನ್ನೂ ಇತ್ತು. ಧಾರಾವಿಯಲ್ಲಿ, ಭಂಗಾರ್ (ಗುಜರಿ) ಅಂಗಡಿಗಳಲ್ಲಿ ಹಳೇ ಕ್ಯಾನ್, ಡ್ರಮ್ ತೊಳೆದು ಮಾರುವ ದೊಡ್ಡ ವ್ಯಾಪಾರವೇ ಇದೆ. ಕಟ್ಟಡ ಕೆಲಸಕ್ಕೆ, ಗಿಡಕ್ಕೆ ನೀರು ಹಿಡಿಯಲು ಅವು ಒಳ್ಳೆಯವೇ. ಕುಡಿಯುವುದಕ್ಕೆ ಅಲ್ಲ. ಪ್ಲಾಸ್ಟಿಕ್ ಹೀರಿಕೊಂಡದ್ದು ತೊಳೆದರೆ ಹೋಗುವುದಿಲ್ಲ. ಲೋಟ ಮತ್ತು ಫೋರ್ಕ್ ಚಿತ್ರದ ಫುಡ್ ಗ್ರೇಡ್ ಗುರುತು ಇರುವ ಹೊಸದನ್ನೇ ತನ್ನಿ. ಇಲ್ಲವೇ ಕಾಲ್ಬಾದೇವಿ, ಭುಲೇಶ್ವರದ ಪಾತ್ರೆ ಅಂಗಡಿಗಳಲ್ಲಿ ಸಿಗುವ ಸ್ಟೀಲ್ ಡಬ್ಬ ಒಳ್ಳೆಯದು. ತಾಮ್ರ, ಅಲ್ಯೂಮಿನಿಯಂ ಬೇಡ, ನಿಂಬೆ ಹುಳಿ ಅದನ್ನು ಕರಗಿಸುತ್ತದೆ.

ಅದೇ ಕ್ಯಾನಿನ ಮುಚ್ಚಳ ಸರಿಯಾಗಿ ಕೂರುತ್ತಿರಲಿಲ್ಲ. ಗ್ಯಾಸ್ ಬದಿಯಿಂದ ಸೋರಿ ಹೋಗುತ್ತಿತ್ತು. ಏರ್‌ಲಾಕ್‌ನಲ್ಲಿ ಗುಳ್ಳೆ ನಿಂತದ್ದು ಅದಕ್ಕೇ, ಹುದುಗು ಮುಗಿದದ್ದಕ್ಕಲ್ಲ. ಬಿಯರ್ ಮಾಡುವವರು ಗುಳ್ಳೆ ಎಣಿಸುವುದಿಲ್ಲ, ಹೈಡ್ರೋಮೀಟರ್ (ದ್ರವದಲ್ಲಿ ತೇಲಿಬಿಟ್ಟು ಅದರ ಸಾಂದ್ರತೆ ಅಳೆಯುವ ಗಾಜಿನ ಕೊಳವೆ) ನೋಡುತ್ತಾರೆ. ನೀರಿನಲ್ಲಿ ಅದು 1.000 ತೋರಿಸಬೇಕು. ಸಕ್ಕರೆ ಇದ್ದಷ್ಟೂ ಅಂಕಿ ಮೇಲೆ, ಹುದುಗಿದಷ್ಟೂ ಕೆಳಗೆ. ಎರಡು ಮೂರು ದಿನ ಬಿಟ್ಟು ನೋಡಿದರೂ ಅದೇ ಅಂಕಿ ಬಂದರೆ ಮಾತ್ರ ಹುದುಗು ನಿಂತಿದೆ ಅನ್ನಬಹುದು. ಹೆಚ್ಚಿನ ಹೈಡ್ರೋಮೀಟರ್‌ಗಳು 20 ಡಿಗ್ರಿಗೆ ಹೊಂದಿಸಿದವು, ನಮ್ಮ 30 ಡಿಗ್ರಿಯಲ್ಲಿ 0.002–0.003 ಕಡಿಮೆ ತೋರಿಸುತ್ತವೆ. ಆ ಕಿಟ್‌ನಲ್ಲಿ ಹೈಡ್ರೋಮೀಟರೇ ಇರಲಿಲ್ಲ. ಮಾರುವವನನ್ನು ಕೇಳಿದರೆ ‘ಅದೆಲ್ಲ ಬೇಡ’ ಅಂದಿದ್ದ.

ಈಸ್ಟ್ ಜಿಪ್ ಕವರ್‌ನಲ್ಲಿತ್ತು, ಹೆಸರಿಲ್ಲ, ತಾರೀಖಿಲ್ಲ. ಒಳ್ಳೆಯ ಒಣ ಈಸ್ಟ್ ಸೀಲ್ ಆದ ಪ್ಯಾಕೆಟ್‌ನಲ್ಲಿ ಬರುತ್ತದೆ. ಸುಮಾರು 11 ಗ್ರಾಂನ ಒಂದು ಪ್ಯಾಕೆಟ್ 20 ಲೀಟರ್ ಬಿಯರ್‌ಗೆ. ಅದನ್ನು ಫ್ರಿಜ್‌ನಲ್ಲಿಡಬೇಕು. ಹಾಪ್ಸ್ ಹಸಿರಾಗಿ, ಗಾಳಿ ತೆಗೆದ ಪ್ಯಾಕೆಟ್‌ನಲ್ಲಿರಬೇಕು. ಇವು ಕಂದು ಬಣ್ಣಕ್ಕೆ ತಿರುಗಿ, ಉಜ್ಜಿದರೆ ಹಳೇ ಚೀಸ್ ವಾಸನೆ. ಮಾಲ್ಟ್ ಹಲ್ಲಿಗೆ ಕಟಕ್ ಅನ್ನಬೇಕು. ಪುಡಿ ಮಾಡಿ ಕೊಟ್ಟರೆ ನಮ್ಮ ಊರಿನ ತೇವಕ್ಕೆ ಬೇಗ ಮೆತ್ತಗಾಗುತ್ತದೆ.

ಸ್ವಚ್ಛತೆಗೆ ಕೆಲವರು ಬ್ಲೀಚ್ ಹಾಕಿ, ಮೇಲೆ ವಿನೆಗರ್ ಹಾಕುತ್ತಾರೆ. ಎರಡೂ ಸೇರಿದರೆ ಕ್ಲೋರಿನ್ ಗ್ಯಾಸ್ ಬರುತ್ತದೆ. ಚಿಕ್ಕ ಅಡುಗೆಮನೆಯಲ್ಲಿ ಉಸಿರು ಕಟ್ಟುತ್ತದೆ. ಯಾವತ್ತೂ ಬೆರೆಸಬೇಡಿ.

ಈಗಾಗಲೇ ಯಾರ ಮನೆಯಲ್ಲಾದರೂ ಗಾಜಿನ ಬಾಟಲಿಗಳು ತುಂಬಿ ಕೂತಿದ್ದರೆ ಬರಿಗೈಯಲ್ಲಿ ಮುಟ್ಟಬೇಡಿ, ಅಲ್ಲಾಡಿಸಬೇಡಿ. ಮಕ್ಕಳನ್ನು ಆ ಕೋಣೆಯಿಂದ ಹೊರಗೆ ಕಳಿಸಿ. ಕನ್ನಡಕವೋ ಹೆಲ್ಮೆಟ್ಟೋ ಹಾಕಿಕೊಳ್ಳಿ, ದಪ್ಪ ತೋಳಿನ ಅಂಗಿ, ಕೈಗವಸು ಇರಲಿ. ಬಾಟಲಿಯ ಮೇಲೆ ದಪ್ಪ ಟವೆಲ್ ಅಥವಾ ಕಂಬಳಿ ಹೊದಿಸಿ, ಹಾಗೇ ಎತ್ತಿ ಫ್ರಿಜ್‌ಗೆ ಇಡಿ. ಪೂರ್ತಿ ತಣ್ಣಗಾಗಲು ಒಂದು ರಾತ್ರಿ ಬಿಡಿ. ಆಮೇಲೆ ಟವೆಲ್ ಸುತ್ತಿದ ಹಾಗೇ ಸಿಂಕ್ ಮೇಲೆ, ಮುಖ ದೂರ ಇಟ್ಟು, ಮುಚ್ಚಳ ಮೆಲ್ಲಗೆ ಸಡಿಲಿಸಿ ಸುರಿದುಬಿಡಿ. ಒಡೆದ ಗಾಜನ್ನು ಕಸದ ಚೀಲಕ್ಕೆ ಹಾಗೇ ಹಾಕಬೇಡಿ. ರಟ್ಟಿನ ಡಬ್ಬಿಗೆ ತುಂಬಿ, ಟೇಪ್ ಸುತ್ತಿ, ಒಳಗೆ ಗಾಜಿದೆ ಅಂತ ಕಸ ಒಯ್ಯುವವರ ಕೈಗೇ ಹೇಳಿ ಕೊಡಿ.